ತೊಟ್ಟಿಯಲ್ಲಿ ಆಮ್ಲ ಸರಿ, ಉಣ್ಣೆಯಲ್ಲಿ ತಪ್ಪು: ಕಾರ್ಬನೈಸಿಂಗ್‌ನಲ್ಲಿ ಸರ್ಫ್ಯಾಕ್ಟಂಟ್ ದೋಷ ಹುಡುಕುವ ಬಗೆ

ಉಣ್ಣೆಗೆ ಅಂಟಿದ ಗಿಡದ ಕಸವನ್ನು ಆಮ್ಲದಿಂದ ಸುಟ್ಟು ತೆಗೆಯುವ ಕೆಲಸವೇ ಕಾರ್ಬನೈಸಿಂಗ್. ತೊಟ್ಟಿಯ ಆಮ್ಲ ಅಳತೆಗೆ ಸರಿಯಾಗಿದೆ. ಓವನ್‌ನ ಬಿಸಿಯೂ ಸರಿ. ಆದರೂ ಹೊರಗೆ ಬಂದ ಉಣ್ಣೆಯಲ್ಲಿ ಒಂದು ಕಡೆ ಮುಳ್ಳು, ಕಡ್ಡಿ, ಹುಲ್ಲುಬೀಜ ಪುಡಿಯಾಗದೆ ಗಟ್ಟಿಯಾಗಿ ಉಳಿದಿವೆ. ಇನ್ನೊಂದು ಕಡೆ ಎಳೆ ಹಿಡಿದು ಎಳೆದರೆ ಪಟ್ಟನೆ ತುಂಡಾಗುತ್ತದೆ. ಎರಡೂ ಒಂದೇ ಲಾಟ್‌ನಲ್ಲಿ, ಕೆಲವೊಮ್ಮೆ ಒಂದೇ ಹಿಡಿ ಉಣ್ಣೆಯಲ್ಲಿ.

ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಆಮ್ಲ ಏರಿಸುವುದು. ಕಡ್ಡಿ ಉಳಿದಿದೆ ಅಂದರೆ ಆಮ್ಲ ಸಾಲಲಿಲ್ಲ ಅಂತ ಲೆಕ್ಕ. ದಯವಿಟ್ಟು ಹಾಗೆ ಮಾಡಬೇಡಿ. ಕಡ್ಡಿ ಉಳಿದ ಜಾಗಕ್ಕೆ ಆಮ್ಲ ಹೋಗಿಲ್ಲ ನಿಜ. ಆದರೆ ಎಳೆ ಸೊರಗಿದ ಜಾಗಕ್ಕೆ ಆಗಲೇ ಜಾಸ್ತಿ ಹೋಗಿದೆ. ಇನ್ನಷ್ಟು ಸುರಿದರೆ ಎರಡನೆಯದು ಇನ್ನೂ ಕೆಡುತ್ತದೆ, ಮೊದಲನೆಯದು ಸುಧಾರಿಸುವ ಭರವಸೆ ಇಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಆಮ್ಲ ಎಲ್ಲಿಗೆ ಹೋಯಿತು, ಎಷ್ಟು ಬೇಗ ಹೋಯಿತು ಅಂತ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತೊಟ್ಟಿಯಲ್ಲಿರುವ ಸರ್ಫ್ಯಾಕ್ಟಂಟ್, ಅಂದರೆ ಉಣ್ಣೆ ಬೇಗ ನೆನೆಯಲೆಂದು ಹಾಕುವ, ನಾವು ವೆಟಿಂಗ್ ಏಜೆಂಟ್ ಅಂತ ಕರೆಯುವ ಆ ಸಣ್ಣ ಪ್ರಮಾಣದ ದ್ರವ.

ಆಮ್ಲ ಎಲ್ಲಿಗೆ ಹೋಗಬೇಕು

ಕಾರ್ಬನೈಸಿಂಗ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ತೊಳೆದ ಉಣ್ಣೆಯಲ್ಲಿ ಕುರಿಯ ಮೈಗೆ ಅಂಟಿದ್ದ ಗಿಡದ ಕಸ ಉಳಿದಿರುತ್ತದೆ. ಉಣ್ಣೆಯನ್ನು ಸುಮಾರು 5ರಿಂದ 7 ಶೇಕಡಾ ಸಲ್ಫ್ಯೂರಿಕ್ ಆಮ್ಲದ ತಣ್ಣನೆ ತೊಟ್ಟಿಯಲ್ಲಿ ಒಂದೆರಡು ನಿಮಿಷ ಹಾಯಿಸಿ, ರೋಲರ್‌ನಲ್ಲಿ ಹಿಂಡಿ, ಒಣಗಿಸಿ, ನಂತರ 105ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಬೇಯಿಸುತ್ತಾರೆ. ಗಿಡದ ಕಸ ಸೆಲ್ಯುಲೋಸ್. ಬಿಸಿ ಆಮ್ಲಕ್ಕೆ ಅದು ಕಪ್ಪಾಗಿ ಪುಡಿಯಾಗುತ್ತದೆ. ಉಣ್ಣೆ ಪ್ರೋಟೀನು, ಆಮ್ಲವನ್ನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. ಆಮೇಲೆ ಕಸವನ್ನು ರೋಲರ್‌ನಲ್ಲಿ ಜಜ್ಜಿ, ಕೊಡವಿ, ಸೋಡಾ ಆಶ್‌ನಲ್ಲಿ ಉಣ್ಣೆಯ ಆಮ್ಲ ಇಳಿಸುತ್ತಾರೆ.

ಕಡ್ಡಿ ಮತ್ತು ಉಣ್ಣೆ ಆಮ್ಲವನ್ನು ಹಿಡಿಯುವ ರೀತಿಯೇ ಬೇರೆ. ಇದು ಮನಸ್ಸಿಗೆ ಹೋದರೆ ಮುಂದಿನ ಅರ್ಧ ಕೆಲಸ ಸುಲಭ. ಕಡ್ಡಿ ತನ್ನ ಸಣ್ಣ ತೂತುಗಳಲ್ಲಿ ದ್ರಾವಣವನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಅಷ್ಟೇ. ಉಣ್ಣೆ ಹಾಗಲ್ಲ, ಆಮ್ಲವನ್ನು ರಾಸಾಯನಿಕವಾಗಿ ಕಟ್ಟಿಹಾಕುತ್ತದೆ. ಅದರ ಕೆರಟಿನ್‌ನಲ್ಲಿ ಲೈಸಿನ್, ಆರ್ಜಿನಿನ್ ಮುಂತಾದ ಕ್ಷಾರೀಯ ಗುಂಪುಗಳಿವೆ. ಒಂದು ಗ್ರಾಂ ಒಣ ಉಣ್ಣೆಯಲ್ಲಿ ಇಂಥವು ಸುಮಾರು 0.8 ಮಿಲಿಮೋಲ್. ಲೆಕ್ಕ ಹಾಕಿ ನೋಡಿ: 1 ಕಿಲೋ ಉಣ್ಣೆ ಸುಮಾರು 40 ಗ್ರಾಂ ಸಲ್ಫ್ಯೂರಿಕ್ ಆಮ್ಲವನ್ನು ಸಲ್ಫೇಟ್ ಆಗಿ ಕಟ್ಟಬಲ್ಲದು. ಈ ಕಟ್ಟಿದ ಆಮ್ಲ ಎಳೆಗೆ ಅಷ್ಟಾಗಿ ಕೇಡು ಮಾಡುವುದಿಲ್ಲ. ಅದಕ್ಕಿಂತ ಮೇಲಿನದು ನೀರಿನಲ್ಲಿ ಬಿಡಿಯಾಗಿರುತ್ತದೆ. ಕಡ್ಡಿಯನ್ನು ಸುಡುವುದೂ ಬಿಡಿ ಆಮ್ಲವೇ, ಎಳೆಯನ್ನು ಕೆಡಿಸುವುದೂ ಅದೇ.

ಈಗ ರೋಲರ್‌ನ ಆಚೆ ಏನಿದೆ ನೋಡೋಣ. ತೊಟ್ಟಿಯಲ್ಲಿ ಲೀಟರ್‌ಗೆ 65 ಗ್ರಾಂ ಆಮ್ಲ ಇದೆ ಅನ್ನಿ. ಹಿಂಡಿದ ಮೇಲೆ 1 ಕಿಲೋ ಉಣ್ಣೆ 0.6 ಲೀಟರ್ ದ್ರಾವಣ ಹೊತ್ತು ಬಂತು. ಆ ದ್ರಾವಣದಲ್ಲಿ ಇರುವುದು 39 ಗ್ರಾಂ ಆಮ್ಲ. ಉಣ್ಣೆಯ ಕಟ್ಟುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ! ಅಂದರೆ ಉಣ್ಣೆ ಮತ್ತು ಕಡ್ಡಿಯ ನಡುವೆ ಪೈಪೋಟಿ ಇದೆ. ತೊಟ್ಟಿಯಲ್ಲಿ ನಿಂತಷ್ಟೂ ಹೊತ್ತು ಉಣ್ಣೆ ತನ್ನ ಪಾಲನ್ನು ನೀರಿನಿಂದ ಎಳೆದುಕೊಳ್ಳುತ್ತಲೇ ಇರುತ್ತದೆ. ನಮಗೆ ಬೇಕಾದದ್ದು ಕಡ್ಡಿ ಬೇಗ ನೆನೆಯಬೇಕು, ಉಣ್ಣೆಗೆ ಸಮಯ ಸಿಗಬಾರದು. ಬೇಗ ನೆನೆಸುವ ಕೆಲಸ ಸರ್ಫ್ಯಾಕ್ಟಂಟ್‌ನದು. ಅದು ಸೋತರೆ ಜನ ತೊಟ್ಟಿಯಲ್ಲಿ ಇಡುವ ಸಮಯ ಜಾಸ್ತಿ ಮಾಡುತ್ತಾರೆ. ಆ ಸಮಯದಲ್ಲಿ ಆಮ್ಲ ಹೋಗುವುದು ತಪ್ಪು ಕಡೆಗೆ.

ಉಣ್ಣೆ ನೆನೆಯಲು ಹಟ ಮಾಡುವುದಕ್ಕೂ ಕಾರಣ ಇದೆ. ಎಳೆಯ ಹೊರಪದರದ ಮೇಲೆ 18-ಮೀಥೈಲ್ ಐಕೊಸನೋಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ತೆಳು ಹೊದಿಕೆ ಇರುತ್ತದೆ. ಇದು ಮೇಲೆ ಕೂತ ಜಿಡ್ಡಲ್ಲ, ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದದ್ದು. ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಗಾಗಿ ಶುದ್ಧ ಉಣ್ಣೆಯ ಮೇಲೂ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಲ್ಲುತ್ತದೆ. ಕುರಿಯ ಬೆನ್ನಿನ ಮೇಲೆ ಬಿಸಿಲಿಗೆ ಸಿಕ್ಕ ಎಳೆಯ ತುದಿಗಳಲ್ಲಿ ಈ ಹೊದಿಕೆ ಸವೆದಿರುತ್ತದೆ. ಅಲ್ಲಿ ಆಮ್ಲ ಬೇಗ ಇಳಿಯುತ್ತದೆ, ಬುಡದಲ್ಲಿ ನಿಧಾನ. ಒಳ್ಳೆಯ ವೆಟಿಂಗ್ ಏಜೆಂಟ್ ಈ ಅಂತರವನ್ನು ಬಹಳ ಕಡಿಮೆ ಮಾಡುತ್ತದೆ.

ಮೊದಲು ತೊಟ್ಟಿಯ ಅಳತೆ ನಿಜವೇ ಅಂತ ನೋಡಿ

"ಆಮ್ಲ ಸರಿ ಇದೆ" ಎಂಬ ಮಾತು ಹೈಡ್ರೋಮೀಟರ್ ನೋಡಿ ಹೇಳಿದ್ದಾದರೆ ಅದನ್ನು ಪಕ್ಕಕ್ಕಿಡಿ. ತೊಟ್ಟಿ ಹಳೆಯದಾದಂತೆ ಅದರಲ್ಲಿ ಮಣ್ಣು, ಬೆವರಿನ ಲವಣ, ಉಣ್ಣೆಯಲ್ಲಿ ಉಳಿದ ಸೋಡಾದಿಂದಾದ ಸೋಡಿಯಂ ಸಲ್ಫೇಟ್ ಸೇರುತ್ತವೆ. ಇವೆಲ್ಲ ಸಾಂದ್ರತೆ ಏರಿಸುತ್ತವೆ. ಆಮ್ಲ ಇಳಿದಿದ್ದರೂ ಹೈಡ್ರೋಮೀಟರ್ ಮಾತ್ರ ಅದೇ ಅಂಕಿ ತೋರಿಸುತ್ತಿರುತ್ತದೆ.

ಟೈಟ್ರೇಶನ್ ಮಾಡಿ. ತೊಟ್ಟಿಯ ದ್ರಾವಣ ಸೋಸಿ, 10 ಮಿಲಿಲೀಟರ್ ಪಿಪೆಟ್‌ನಲ್ಲಿ ತೆಗೆದು, ಸುಮಾರು 50 ಮಿಲಿಲೀಟರ್ ನೀರಿಗೆ ಹಾಕಿ. ಎರಡು ಹನಿ ಮೀಥೈಲ್ ಆರೆಂಜ್ ಬಿಡಿ. ಬ್ಯೂರೆಟ್‌ನಿಂದ 1 ನಾರ್ಮಲ್ ಕಾಸ್ಟಿಕ್ ಸೋಡಾ ಬಿಡುತ್ತಾ ಕೆಂಪು ಹೋಗಿ ಹಳದಿ ಬರುವಲ್ಲಿ ನಿಲ್ಲಿಸಿ. ಹೋದ ಪ್ರತಿ ಮಿಲಿಲೀಟರ್ ಕಾಸ್ಟಿಕ್‌ಗೆ 0.049 ಗ್ರಾಂ ಸಲ್ಫ್ಯೂರಿಕ್ ಆಮ್ಲ. 13.3 ಮಿಲಿಲೀಟರ್ ಹೋದರೆ 10 ಮಿಲಿಲೀಟರ್‌ನಲ್ಲಿ 0.65 ಗ್ರಾಂ, ಅಂದರೆ ಲೀಟರ್‌ಗೆ 65 ಗ್ರಾಂ. ತೊಟ್ಟಿಯ ಆರಂಭ, ನಡು, ಕೊನೆ ಮೂರೂ ಕಡೆಯಿಂದ ತೆಗೆದು ಮಾಡಿ. ಮೂರರಲ್ಲಿ ವ್ಯತ್ಯಾಸ ಕಂಡರೆ ಮೊದಲು ಪಂಪು, ಕಲಕುವ ವ್ಯವಸ್ಥೆ ನೋಡಿ. ಅದು ಸರಿಯಾಗುವ ತನಕ ಸರ್ಫ್ಯಾಕ್ಟಂಟ್ ಬಗ್ಗೆ ಯೋಚಿಸಿ ಉಪಯೋಗವಿಲ್ಲ.

ಆಮೇಲೆ ಉಣ್ಣೆಯಲ್ಲಿನ ಆಮ್ಲ. ಇದಕ್ಕೆ ಐಎಸ್‌ಒ 3073 ಎಂಬ ಮಾನಕ ವಿಧಾನ ಇದೆ. ಎಲ್ಲರೂ ತಪ್ಪುವುದು ಮಾದರಿ ತೆಗೆಯುವಲ್ಲಿ. ಲಾಟ್‌ನ ಹತ್ತು ಕಡೆಯಿಂದ ಚೂರು ಚೂರು ತೆಗೆದು ಬೆರೆಸಿ ಒಂದು ಅಂಕಿ ತೆಗೆದರೆ ಅದು ಸರಾಸರಿ. ನಮ್ಮ ದೋಷ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಕಡ್ಡಿ ಉಳಿದ ಜಾಗದ ಉಣ್ಣೆ ಒಂದು ಚೀಲ, ಎಳೆ ಮುರಿಯುವ ಜಾಗದ್ದು ಇನ್ನೊಂದು ಚೀಲ, ಚೆನ್ನಾಗಿ ಬಂದದ್ದು ಮೂರನೆಯದು. ಹೀಗೆ ಬೇರೆ ಬೇರೆ ಅಳೆಯಿರಿ. ಮೂರೂ ಒಂದೇ ಅಂಕಿ ಕೊಟ್ಟರೆ ಹರಡುವಿಕೆ ಸರಿ ಇದೆ, ನಿಮ್ಮ ತೊಂದರೆ ಓವನ್ ಅಥವಾ ಜಜ್ಜುವ ರೋಲರ್ ಕಡೆಗಿದೆ. ಅಂಕಿಗಳು ಚದುರಿದ್ದರೆ ಮುಂದೆ ಓದಿ.

ಒಂದು ಎಚ್ಚರಿಕೆ. ಈ ಮಾದರಿಗಳನ್ನು ಹಿಂಡಿದ ರೋಲರ್ ದಾಟಿದ ತಕ್ಷಣ ತೆಗೆಯಬೇಕು. ಓವನ್ ಆದ ಮೇಲೆ ತೆಗೆದರೆ ಒಣಗುವಾಗ ಆದ ಸ್ಥಳಾಂತರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡೂ ಕಡೆ ತೆಗೆದು ಹೋಲಿಸಿದರೆ ಇನ್ನೂ ಒಳ್ಳೆಯದು. ದೋಷ ತೊಟ್ಟಿಯಲ್ಲಿ ಹುಟ್ಟಿತೋ, ಡ್ರೈಯರ್‌ನಲ್ಲಿ ಹುಟ್ಟಿತೋ ಅಲ್ಲೇ ಗೊತ್ತಾಗುತ್ತದೆ.

ಬಣ್ಣ ಹೊಡೆದು ನೋಡುವುದು

ಮಾನಕ ಪರೀಕ್ಷೆಗೆ ಹೊತ್ತು ಬೇಕು. ನಿಂತ ಜಾಗದಲ್ಲೇ ಒಂದು ಅಂದಾಜು ಬೇಕಿದ್ದರೆ ಥೈಮಾಲ್ ಬ್ಲೂ ಇಂಡಿಕೇಟರ್ ಸಾಕು. ಇದು ಪಿಎಚ್ 1.2ರಿಂದ 2.8ರ ನಡುವೆ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಹಿಂಡಿದ ಉಣ್ಣೆಯನ್ನು ಅಂಗೈ ಅಗಲ ತೆಳುವಾಗಿ ಹರಡಿ, ಇಂಡಿಕೇಟರ್‌ನ ತೆಳು ದ್ರಾವಣವನ್ನು ಮಂಜಿನಂತೆ ಸಿಂಪಡಿಸಿ. ಬಿಡಿ ಆಮ್ಲ ಜಾಸ್ತಿ ಇರುವಲ್ಲಿ ಕಡುಗೆಂಪು ಬರುತ್ತದೆ. ಆಮ್ಲ ತಲುಪದ ಕಡೆ ಹಳದಿ. ಚೆನ್ನಾಗಿ ನೆನೆದ ಉಣ್ಣೆ ಇಡೀ ಒಂದೇ ಕೆಂಪು ಕೊಡುತ್ತದೆ. ಕೆಟ್ಟದರಲ್ಲಿ ಎಳೆಗಳ ಗಂಟಿನ ಹೊರಗೆ ಕೆಂಪು, ಗಂಟು ಬಿಡಿಸಿದರೆ ನಡುವೆ ಹಳದಿ ತಿರುಳು. ಆ ಹಳದಿ ತಿರುಳಿನಲ್ಲಿ ಹುಲ್ಲುಬೀಜ ಸಿಕ್ಕಿಕೊಂಡಿರುವುದು ಒಮ್ಮೆ ಕಣ್ಣಾರೆ ಕಂಡರೆ, ಆಮ್ಲ ಏರಿಸುವ ಮಾತು ಯಾರೂ ಆಡುವುದಿಲ್ಲ. ಸಿಂಪಡಿಸಿದ ತುಣುಕನ್ನು ಲಾಟ್‌ಗೆ ವಾಪಸ್ ಸೇರಿಸಬೇಡಿ.

ನೆನೆಯುವ ವೇಗ ಅಳೆಯಲು ಇನ್ನೂ ಸರಳ ದಾರಿ ಇದೆ. ಒಂದು ಬೀಕರ್‌ನಲ್ಲಿ ನಡೆಯುತ್ತಿರುವ ತೊಟ್ಟಿಯ ದ್ರಾವಣ, ಇನ್ನೊಂದರಲ್ಲಿ ಅದೇ ಆಮ್ಲಕ್ಕೆ ಹೊಸದಾಗಿ ವೆಟಿಂಗ್ ಏಜೆಂಟ್ ಹಾಕಿದ್ದು. ಎರಡರ ಬಿಸಿಯೂ ಒಂದೇ ಇರಲಿ. ತೊಟ್ಟಿಗೆ ಹೋಗಬೇಕಾದ ಉಣ್ಣೆಯಿಂದಲೇ ಒಂದೇ ತೂಕದ ಎರಡು ಸಣ್ಣ ಉಂಡೆ ಮಾಡಿ, ಒತ್ತದೆ ಮೇಲೆ ಬಿಡಿ. ಮುಳುಗಲು ಹಿಡಿಯುವ ಸಮಯ ನೋಡಿ. ಹೊಸದರಲ್ಲಿ ಬೇಗ ಮುಳುಗಿ, ತೊಟ್ಟಿಯದರಲ್ಲಿ ತೇಲುತ್ತಾ ಕೂತರೆ ತೊಟ್ಟಿಯ ಸರ್ಫ್ಯಾಕ್ಟಂಟ್ ಸತ್ತಿದೆ ಅಥವಾ ಖಾಲಿಯಾಗಿದೆ. ಎರಡರಲ್ಲೂ ತೇಲಿದರೆ ತಪ್ಪು ಉಣ್ಣೆಯದು: ಜಿಡ್ಡು ಉಳಿದಿದೆ ಅಥವಾ ಮೇಲೆ ಏನೋ ಪದರ ಕೂತಿದೆ. ಎರಡರಲ್ಲೂ ಬೇಗ ಮುಳುಗಿದರೆ ನೆನೆಯುವಿಕೆ ಚೆನ್ನಾಗಿದೆ, ಡ್ರೈಯರ್ ಕಡೆ ನಡೆಯಿರಿ.

ನೊರೆ ನೋಡಿ ತೀರ್ಮಾನಿಸಬೇಡಿ. ನೊರೆ ಬರುತ್ತಿದೆ, ಹಾಗಾಗಿ ಸರ್ಫ್ಯಾಕ್ಟಂಟ್ ಇದೆ ಎಂಬುದು ಬಹಳ ಕಡೆ ಕೇಳುವ ಮಾತು. ನೊರೆಗೂ ನೆನೆಸುವ ಶಕ್ತಿಗೂ ನೇರ ನಂಟಿಲ್ಲ. ಚೆನ್ನಾಗಿ ನೆನೆಸುವ ಕೆಲವು ಏಜೆಂಟ್‌ಗಳು ನೊರೆಯೇ ಕೊಡುವುದಿಲ್ಲ.

ಯಾವ ಜಾತಿಯ ಸರ್ಫ್ಯಾಕ್ಟಂಟ್, ಯಾವ ತೊಂದರೆ

ಡ್ರಮ್ಮಿನ ಮೇಲೆ ಬರೀ "ವೆಟಿಂಗ್ ಏಜೆಂಟ್" ಅಂತ ಬರೆದಿದ್ದರೆ ಸಾಲದು. ಅದು ಆ್ಯನಯಾನಿಕ್ (ಋಣ ವಿದ್ಯುದಂಶದ್ದು), ನಾನ್‌ಅಯಾನಿಕ್ (ವಿದ್ಯುದಂಶ ಇಲ್ಲದ್ದು), ಕ್ಯಾಟಯಾನಿಕ್ (ಧನ ವಿದ್ಯುದಂಶದ್ದು) ಯಾವುದು ಅಂತ ತಿಳಿಯಲೇಬೇಕು. ಆಮ್ಲದ ತೊಟ್ಟಿಯಲ್ಲಿ ಉಣ್ಣೆಯ ಮೇಲೆ ಧನ ವಿದ್ಯುದಂಶ ತುಂಬಿರುತ್ತದೆ. ಉಣ್ಣೆಯ ಸಮವಿದ್ಯುತ್ ಬಿಂದು, ಅಂದರೆ ಧನ, ಋಣ ಎರಡೂ ಸಮವಾಗುವ ಜಾಗ, ಪಿಎಚ್ 5ರ ಆಸುಪಾಸು. ಅದಕ್ಕಿಂತ ಕೆಳಗೆ ಇಳಿದಂತೆ ಋಣ ವಿದ್ಯುದಂಶದ ಅಣುಗಳನ್ನೆಲ್ಲ ಅದು ತನ್ನತ್ತ ಎಳೆಯುತ್ತದೆ. ಆಸಿಡ್ ಡೈ ಉಣ್ಣೆಗೆ ಹಿಡಿಯುವುದು ಇದೇ ಕಾರಣಕ್ಕೆ. ಆ್ಯನಯಾನಿಕ್ ಸರ್ಫ್ಯಾಕ್ಟಂಟ್ ಕೂಡ ಹಾಗೇ, ಬಣ್ಣವಿಲ್ಲದ ಡೈ ಇದ್ದಂತೆಯೇ ನಡೆದುಕೊಳ್ಳುತ್ತದೆ.

ಇದರಿಂದ ಆಗುವ ಮೊದಲ ತೊಂದರೆ ತೊಟ್ಟಿ ಬರಿದಾಗುವುದು. ಲೀಟರ್‌ಗೆ 1 ಗ್ರಾಂ ಹಾಕಿದ್ದೀರಿ ಅನ್ನಿ. ಅರ್ಧ ಲೀಟರ್ ದ್ರಾವಣ ಹೊತ್ತೊಯ್ಯುವ 1 ಕಿಲೋ ಉಣ್ಣೆ, ಎಳೆಗೆ ಅಂಟದ ಜಾತಿಯಾದರೆ ಅರ್ಧ ಗ್ರಾಂ ಒಯ್ಯುತ್ತದೆ. ಅಂಟುವ ಜಾತಿಯಾದರೆ ಅದರ ಹಲವು ಪಟ್ಟು. ಆಮ್ಲದ ಜೊತೆಗೆ ಅದೇ ಅನುಪಾತದಲ್ಲಿ ಸರ್ಫ್ಯಾಕ್ಟಂಟ್ ತುಂಬಿಸುತ್ತಾ ಹೋದರೆ ಬೆಳಗಿನ ಉಣ್ಣೆ ಚೆನ್ನಾಗಿರುತ್ತದೆ, ಸಂಜೆಯದು ಕೆಡುತ್ತದೆ. ದೋಷ ದಿನದ ಹೊತ್ತಿನ ಜೊತೆ ಏರುತ್ತಿದ್ದರೆ, ತೊಟ್ಟಿ ಬದಲಿಸಿದ ಕೂಡಲೇ ಮಾಯವಾಗುತ್ತಿದ್ದರೆ, ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಎರಡನೆಯದು ಇನ್ನೂ ಸೂಕ್ಷ್ಮ. 1940-41ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಸ್ಟೈನ್‌ಹಾರ್ಟ್, ಹ್ಯಾರಿಸ್ ಮತ್ತು ಅವರ ಸಂಗಡಿಗರು ಉಣ್ಣೆ ಆಮ್ಲವನ್ನು ಕಟ್ಟುವುದನ್ನು ಬಹಳ ಶ್ರದ್ಧೆಯಿಂದ ಅಳೆದರು. ಅವರು ಕಂಡದ್ದು ಇದು: ಆಮ್ಲದ ಋಣ ಅಯಾನ್‌ಗೆ ಉಣ್ಣೆಯ ಮೇಲೆ ಒಲವು ಎಷ್ಟು ಜಾಸ್ತಿಯೋ, ಅದೇ ಪಿಎಚ್‌ನಲ್ಲಿ ಉಣ್ಣೆ ಅಷ್ಟು ಜಾಸ್ತಿ ಆಮ್ಲ ಹಿಡಿಯುತ್ತದೆ. ಕ್ಲೋರೈಡ್‌ನಂಥ ಸಣ್ಣ ಅಯಾನ್‌ಗೆ ಒಲವು ಕಡಿಮೆ. ದೊಡ್ಡ ಸಾವಯವ ಅಯಾನ್‌ಗಳಿಗೆ ಬಹಳ ಜಾಸ್ತಿ. ಉದ್ದ ಬಾಲದ ಆ್ಯನಯಾನಿಕ್ ಸರ್ಫ್ಯಾಕ್ಟಂಟ್ ಈ ಎರಡನೆಯ ಗುಂಪಿಗೆ ಸೇರಿದ್ದು.

ಕಾರ್ಬನೈಸಿಂಗ್ ತೊಟ್ಟಿಯಲ್ಲಿ ಪಿಎಚ್ ಎಷ್ಟು ಕೆಳಗಿರುತ್ತದೆ ಅಂದರೆ, ಸಮಯ ಕೊಟ್ಟರೆ ಉಣ್ಣೆಯ ಗುಂಪುಗಳೆಲ್ಲ ಹೇಗೂ ತುಂಬುತ್ತವೆ. ಹಾಗಾಗಿ ಅಲ್ಲಿ ಈ ಪರಿಣಾಮ ದೊಡ್ಡದಾಗಿ ಕಾಣುವುದಿಲ್ಲ. ಕಾಣುವುದು ತೊಳೆಯುವಾಗ. ಪಿಎಚ್ 4, 5ಕ್ಕೆ ಬಂದಾಗ ಸಲ್ಫೇಟ್ ಸುಲಭವಾಗಿ ಬಿಟ್ಟುಹೋಗುತ್ತದೆ. ಸರ್ಫ್ಯಾಕ್ಟಂಟ್ ಅಯಾನ್ ಬಿಡುವುದಿಲ್ಲ. ಅದು ಬಿಡದಿದ್ದರೆ ಅದರ ಜೋಡಿ ಆಮ್ಲವೂ ಎಳೆಯಲ್ಲೇ ಕೂರುತ್ತದೆ. ತೊಳೆದ ನೀರು ತಟಸ್ಥ ಅಂತ ಪಿಎಚ್ ಕಾಗದದ ಪಟ್ಟಿ ತೋರಿಸುತ್ತದೆ, ಉಣ್ಣೆ ಮಾತ್ರ ಒಳಗೆ ಹುಳಿಯಾಗಿಯೇ ಇರುತ್ತದೆ. ದಾಸ್ತಾನಿನಲ್ಲಿ ಇಟ್ಟ ಮೇಲೆ ನೀರಿನ ಸಾರದ ಪಿಎಚ್ ಮತ್ತೆ ಇಳಿದರೆ, ಸೋಡಾ ಲೆಕ್ಕಕ್ಕಿಂತ ಜಾಸ್ತಿ ಖರ್ಚಾಗುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಆ್ಯನಯಾನಿಕ್ ಇದೆಯೋ ಇಲ್ಲವೋ ತಿಳಿಯಲು ಮೀಥಿಲೀನ್ ಬ್ಲೂ ಪರೀಕ್ಷೆ ಸಾಕು. ಪರೀಕ್ಷಾ ನಳಿಕೆಯಲ್ಲಿ ಆಮ್ಲ ಸೇರಿಸಿದ ಮೀಥಿಲೀನ್ ಬ್ಲೂ ದ್ರಾವಣ, ಕೆಳಗೆ ಕ್ಲೋರೋಫಾರ್ಮ್. ಸಂಶಯದ ದ್ರಾವಣ ಕೆಲವು ಹನಿ ಹಾಕಿ ಕುಲುಕಿ, ಪದರಗಳು ಬೇರೆಯಾಗಲು ಬಿಡಿ. ಆ್ಯನಯಾನಿಕ್ ಇದ್ದರೆ ನೀಲಿ ಕೆಳಗಿನ ಕ್ಲೋರೋಫಾರ್ಮ್‌ಗೆ ಇಳಿಯುತ್ತದೆ. ಇಲ್ಲದಿದ್ದರೆ ನೀಲಿ ಮೇಲಿನ ನೀರಿನಲ್ಲೇ ಉಳಿಯುತ್ತದೆ. ಕ್ಲೋರೋಫಾರ್ಮ್ ಆವಿ ಒಳ್ಳೆಯದಲ್ಲ, ಫ್ಯೂಮ್ ಹುಡ್‌ನಲ್ಲೇ ಮಾಡಿ. ಉಣ್ಣೆಯ ಮೇಲೆ ಕೂತದ್ದನ್ನು ಪರೀಕ್ಷಿಸಬೇಕಾದರೆ ಮೊದಲು ಅಮೋನಿಯ ಸೇರಿಸಿದ ಬೆಚ್ಚನೆ ನೀರಿನಲ್ಲಿ ಉಣ್ಣೆ ನೆನೆಸಿ, ಆ ನೀರನ್ನು ಆಮ್ಲೀಯ ಮಾಡಿ ಬಳಸಿ. ಬರೀ ನೀರಿನಲ್ಲಿ ಅದು ಹೊರಗೆ ಬರುವುದು ಕಷ್ಟ.

ಆ್ಯನಯಾನಿಕ್‌ಗಳಲ್ಲೂ ಎಲ್ಲ ಒಂದೇ ಅಲ್ಲ. ಆಲ್ಕೈಲ್ ಸಲ್ಫೇಟ್ ಜಾತಿ ಬಿಸಿ ಆಮ್ಲದಲ್ಲಿ ಒಡೆದು ಕೊಬ್ಬಿನ ಆಲ್ಕೋಹಾಲ್ ಬಿಡುತ್ತದೆ, ಅದು ಮೇಣದಂತೆ ಎಳೆಯ ಮೇಲೆ ಉಳಿಯುತ್ತದೆ. ಆಲ್ಕೈಲ್ ಬೆಂಜೀನ್ ಸಲ್ಫೊನೇಟ್ ಆಮ್ಲಕ್ಕೆ ಜಗ್ಗುವುದಿಲ್ಲ, ಆದರೆ ಎಳೆಗೆ ಅಂಟುವ ಗುಣ ಅದಕ್ಕೂ ಇದೆ.

ಸೋಪಿನ ವಿಷಯ ಬೇರೆಯೇ. ಉಣ್ಣೆಯನ್ನು ಸೋಪು, ಸೋಡಾದಲ್ಲಿ ತೊಳೆದು ಸರಿಯಾಗಿ ಜಾಲಿಸದೆ ಆಮ್ಲಕ್ಕೆ ತಂದರೆ ಸೋಪು ಅಲ್ಲೇ ಒಡೆದು ಕೊಬ್ಬಿನಾಮ್ಲವಾಗುತ್ತದೆ. ಗಡಸು ನೀರಾದರೆ ಕ್ಯಾಲ್ಸಿಯಂ ಸೋಪು ಮೊದಲೇ ಎಳೆಯ ಮೇಲೆ ಕೂತಿರುತ್ತದೆ, ಆಮ್ಲ ಅದನ್ನೂ ಜಿಡ್ಡಾಗಿಸುತ್ತದೆ. ಉಳಿದ ಸೋಡಾ ಒಂದಷ್ಟು ಆಮ್ಲವನ್ನು ಅಲ್ಲೇ ತಿಂದುಹಾಕುತ್ತದೆ. ಹೀಗೆ ಒಂದೇ ತಪ್ಪಿನಿಂದ ಆಮ್ಲವೂ ಕಡಿಮೆ, ನೆನೆಯುವಿಕೆಯೂ ಕಡಿಮೆ. ಮುಳುಗುವ ಪರೀಕ್ಷೆಯಲ್ಲಿ ಎರಡೂ ಬೀಕರ್‌ನಲ್ಲಿ ತೇಲುವ ಉಣ್ಣೆ ಬಹುತೇಕ ಇಂಥದ್ದೇ. ಡೈಕ್ಲೋರೋಮೀಥೇನ್‌ನಲ್ಲಿ ಕರಗುವ ಜಿಡ್ಡಿನ ಅಳತೆ, ಅಂದರೆ ಐಎಸ್‌ಒ 3074, ಮಾಡಿಸಿ. ಆಮ್ಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿಸಿ. ನಂತರದ್ದು ಏರಿದ್ದರೆ ಸೋಪು ಕೊಬ್ಬಿನಾಮ್ಲವಾಗಿದೆ ಎಂಬುದಕ್ಕೆ ಅದೇ ಬಲವಾದ ಸುಳಿವು. ಇದರ ಪರಿಹಾರ ಆಮ್ಲದ ತೊಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಉಣ್ಣೆ ತೊಳೆಯುವ ಸಾಲಿನ ಕೊನೆಯ ಬೌಲ್‌ನಲ್ಲಿ, ಅಂದರೆ ಕೊನೆಯ ತೊಳೆಯುವ ತೊಟ್ಟಿಯಲ್ಲಿದೆ.

ಕ್ಯಾಟಯಾನಿಕ್ ಇಲ್ಲಿ ಅಪರೂಪ. ಆದರೆ ಮೃದುಕಾರಕ ಹಾಕಿದ ಹಳೆಯ ಉಣ್ಣೆ, ಮಿಲ್ಲಿನ ವೇಸ್ಟ್ ಬೆರೆಸಿದ ಲಾಟ್‌ಗಳಲ್ಲಿ ಬರುತ್ತದೆ. ಆ್ಯನಯಾನಿಕ್ ಜೊತೆ ಸೇರಿದರೆ ಎರಡೂ ಅಂಟಾಗಿ ಬೀಳುತ್ತವೆ. ತೊಟ್ಟಿಯ ಅಂಚಿನಲ್ಲಿ ಜಿಗುಟು ಕೆನೆ ಕಂಡರೆ ಅದೇ.

ಹಾಗಾದರೆ ಯಾವುದು ಹಾಕಬೇಕು? ನಾನ್‌ಅಯಾನಿಕ್. ಅದಕ್ಕೆ ವಿದ್ಯುದಂಶ ಇಲ್ಲ, ಉಣ್ಣೆ ಅದನ್ನು ಎಳೆದುಕೊಳ್ಳುವುದು ಕಡಿಮೆ, ತೊಟ್ಟಿಯಲ್ಲಿ ಮಟ್ಟ ಕಾಯುವುದು ಸುಲಭ. ಉಣ್ಣೆ ಒಟ್ಟು ಎಷ್ಟು ಆಮ್ಲ ಕಟ್ಟಬಲ್ಲದು ಎಂಬುದನ್ನು ಅದು ಹೆಚ್ಚು ಬದಲಿಸುವುದಿಲ್ಲ. ಆಮ್ಲವನ್ನು ಸಮನಾಗಿ ಹರಡುತ್ತದೆ, ಕಡ್ಡಿಯೊಳಗೆ ಬೇಗ ನುಗ್ಗಿಸುತ್ತದೆ. ಆದರೆ ಇಲ್ಲೂ ಎರಡು ಗುಂಡಿಗಳಿವೆ. ಎಥಾಕ್ಸಿಲೇಟ್‌ಗಳಲ್ಲಿ, ಅಂದರೆ ಎಥಿಲೀನ್ ಆಕ್ಸೈಡ್ ಸರಪಳಿ ಇರುವ ನಾನ್‌ಅಯಾನಿಕ್‌ಗಳಲ್ಲಿ, ಈಥರ್ ಜಾತಿ ಆಮ್ಲದಲ್ಲಿ ಗಟ್ಟಿ. ಎಸ್ಟರ್ ಜಾತಿ ಒಡೆಯುತ್ತದೆ, ಅದನ್ನು ತರಿಸಬೇಡಿ. ಇನ್ನೊಂದು ಕ್ಲೌಡ್ ಪಾಯಿಂಟ್: ಒಂದು ಬಿಸಿ ದಾಟಿದರೆ ನಾನ್‌ಅಯಾನಿಕ್ ನೀರಿನಿಂದ ಬೇರ್ಪಟ್ಟು ಮಬ್ಬಾಗುತ್ತದೆ. ಡ್ರಮ್ಮಿನ ಪತ್ರದಲ್ಲಿ ಕೊಟ್ಟ ಅಂಕಿ ಸಾಮಾನ್ಯವಾಗಿ ಶುದ್ಧ ನೀರಿನಲ್ಲಿ ಅಳೆದದ್ದು. ಹಳೆಯ ತೊಟ್ಟಿಯ ಸೋಡಿಯಂ ಸಲ್ಫೇಟ್ ಅದನ್ನು ಕೆಳಗೆ ಎಳೆಯುತ್ತದೆ. ತೊಟ್ಟಿಯ ದ್ರಾವಣವನ್ನೇ ಸೋಸಿ, ಥರ್ಮಾಮೀಟರ್ ಇಟ್ಟು ನಿಧಾನ ಬಿಸಿ ಮಾಡಿ, ಎಲ್ಲಿ ಮಬ್ಬಾಗುತ್ತದೆ ನೋಡಿ. ಆ ಬಿಸಿ ತೊಟ್ಟಿಯ ಬಿಸಿಗೆ ಹತ್ತಿರ ಇದ್ದರೆ ತೊಟ್ಟಿ ಬದಲಿಸಿ ಅಥವಾ ಎಥಿಲೀನ್ ಆಕ್ಸೈಡ್ ಸರಪಳಿ ಉದ್ದವಿರುವ ಏಜೆಂಟ್ ತನ್ನಿ.

ನೊನೈಲ್‌ಫೀನಾಲ್ ಎಥಾಕ್ಸಿಲೇಟ್ ಒಂದು ಕಾಲದಲ್ಲಿ ಎಲ್ಲ ಕಡೆ ಬಳಕೆಯಲ್ಲಿತ್ತು, ಕೆಲಸವೂ ಚೆನ್ನಾಗಿ ಮಾಡುತ್ತಿತ್ತು. ಅದು ಒಡೆದಾಗ ಬರುವ ನೊನೈಲ್‌ಫೀನಾಲ್ ನೀರಿನ ಜೀವಿಗಳಿಗೆ ವಿಷ. ಐರೋಪ್ಯ ಒಕ್ಕೂಟದಲ್ಲಿ 2021ರ ಫೆಬ್ರವರಿಯಿಂದ, ನೀರಿನಲ್ಲಿ ತೊಳೆಯಬಹುದಾದ ಜವಳಿಯಲ್ಲಿ ಅದು ತೂಕದ 0.01 ಶೇಕಡಾ ಅಥವಾ ಜಾಸ್ತಿ ಇದ್ದರೆ ಮಾರುವಂತಿಲ್ಲ. ಆಲ್ಕೋಹಾಲ್ ಎಥಾಕ್ಸಿಲೇಟ್‌ಗೆ ಬದಲಾಯಿಸಿದವರು ಹಳೆಯ ಡೋಸನ್ನೇ ಮುಂದುವರಿಸಬಾರದು. ಮುಳುಗುವ ಪರೀಕ್ಷೆ ಮಾಡಿ ಹೊಸ ಡೋಸ್ ನಿಗದಿ ಮಾಡಿ.

ಡ್ರೈಯರ್‌ನಲ್ಲಿ ಹುಟ್ಟುವ ಕೇಡು

ಹಿಂಡಿದ ಜಾಗದಲ್ಲಿ ಆಮ್ಲ ಸಮನಾಗಿತ್ತು, ಓವನ್ ದಾಟಿದ ಮೇಲೆ ಚುಕ್ಕೆ ಚುಕ್ಕೆಯಾಗಿ ಎಳೆ ಸತ್ತಿದೆ. ಈ ದೋಷದಲ್ಲಿ ಸರ್ಫ್ಯಾಕ್ಟಂಟ್ ಪಾತ್ರ ಇದೆ ಅಂತ ಮೊದಲ ನೋಟಕ್ಕೆ ಹೊಳೆಯುವುದಿಲ್ಲ, ಆದರೆ ಇದೆ.

ನೀರು ಆವಿಯಾಗುತ್ತದೆ, ಸಲ್ಫ್ಯೂರಿಕ್ ಆಮ್ಲ ಆಗುವುದಿಲ್ಲ. ಎಳೆಗಳ ನಡುವೆ ಹನಿಯಾಗಿ ನಿಂತ ದ್ರಾವಣ ಕುಗ್ಗುತ್ತಾ ಹೋದಂತೆ ಗಾಢವಾಗುತ್ತದೆ. ಕೊನೆಗೆ ಎರಡು ಎಳೆ ಒಂದನ್ನೊಂದು ದಾಟುವ ಜಾಗದಲ್ಲಿ ಬಹಳ ತೀಕ್ಷ್ಣವಾದ ಆಮ್ಲದ ಚುಕ್ಕೆ ಉಳಿಯುತ್ತದೆ. ಆ ಜಾಗದಲ್ಲಿ ಪ್ರೋಟೀನಿನ ಸರಪಳಿ ಕಡಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆ ಉದ್ದಕ್ಕೂ ಚೆನ್ನಾಗಿದ್ದು, ಒಂದು ಕಡೆ ಮಾತ್ರ ಕಚ್ಚಿದ ಹಾಗೆ ಕಾಣುತ್ತದೆ. ಸರ್ಫ್ಯಾಕ್ಟಂಟ್ ಸಾಕಷ್ಟಿದ್ದರೆ ದ್ರಾವಣ ಹನಿಯಾಗದೆ ಎಳೆಯ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಆಮ್ಲದ ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಎಲ್ಲೂ ಗಾಢ ಚುಕ್ಕೆ ಆಗುವುದಿಲ್ಲ. ಕಾರ್ಬನೈಸಿಂಗ್ ತೊಟ್ಟಿಯಲ್ಲಿ ಸರ್ಫ್ಯಾಕ್ಟಂಟ್ ಸೇರಿಸಿದರೆ ಉಣ್ಣೆಗೆ ಆಗುವ ಹಾನಿ ಇಳಿಯುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಉಣ್ಣೆ ವಿಜ್ಞಾನಿಗಳು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ಬರೀ ನೆನೆಸಲು ಬೇಕಾದಷ್ಟು ಏಜೆಂಟ್ ಹಾಕಿ ನಿಲ್ಲಿಸುವವರು ಈ ಎರಡನೆಯ ಲಾಭವನ್ನು ಕಳೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಮ್ಲ ಏರಿಸುವುದಕ್ಕೆ ಮುಂಚೆ ಪ್ರಯತ್ನಿಸಬೇಕಾದ್ದು ಇದನ್ನೇ.

ಡ್ರೈಯರ್‌ನ ಬಿಸಿಯನ್ನೂ ಜೊತೆಗೇ ನೋಡಿ. ನೀರು ಹೋಗುವ ತನಕ ಬಿಸಿ ತಗ್ಗಿನಲ್ಲಿರಲಿ, ಸಾಮಾನ್ಯವಾಗಿ 65ರಿಂದ 90 ಡಿಗ್ರಿ. ಒದ್ದೆ ಉಣ್ಣೆ ನೇರ ಬೇಕಿಂಗ್ ಬಿಸಿಗೆ ಹೋದರೆ ಯಾವ ಸರ್ಫ್ಯಾಕ್ಟಂಟ್ ಕೂಡ ಕಾಪಾಡುವುದಿಲ್ಲ.

ಹಾನಿ ಎಷ್ಟಾಗಿದೆ ಅಂತ ಅಳೆಯಲು ಐಎಸ್‌ಒ 3072, ಅಂದರೆ ಕ್ಷಾರದಲ್ಲಿ ಕರಗುವಿಕೆ. 0.1 ನಾರ್ಮಲ್ ಕಾಸ್ಟಿಕ್ ಸೋಡಾದಲ್ಲಿ 65 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ತೂಕ ಕರಗಿತು ನೋಡುವುದು. ಆಮ್ಲದಿಂದ ಕೆಟ್ಟ ಉಣ್ಣೆ ಜಾಸ್ತಿ ಕರಗುತ್ತದೆ. ತೊಳೆದ ಉಣ್ಣೆಯ ಮಾದರಿಯನ್ನು ಪಕ್ಕದಲ್ಲೇ ಇಟ್ಟು ಹೋಲಿಸಿ, ಒಂಟಿ ಅಂಕಿಗೆ ಅರ್ಥ ಕಡಿಮೆ. ಉಣ್ಣೆಯಲ್ಲಿ ಆಮ್ಲ ಉಳಿದಿದ್ದರೆ ಅದು ಕಾಸ್ಟಿಕ್ ತಿಂದು ಫಲಿತಾಂಶ ಕೆಡಿಸುತ್ತದೆ, ಹಾಗಾಗಿ ಎರಡನ್ನೂ ತಟಸ್ಥ ಮಾಡಿಯೇ ಅಳೆಯಿರಿ. ಇನ್ನೊಂದು ಒಳ್ಳೆಯ ಸಂಗತಿ: ಸೆರೀನ್, ಥ್ರಿಯೋನಿನ್ ಇರುವ ಕಡೆ ಆಮ್ಲದಿಂದ ಆಗುವ ಒಂದು ಬಗೆಯ ಬದಲಾವಣೆ ಮೆಲುವಾದ ಕ್ಷಾರದಲ್ಲಿ ಹಿಂದಕ್ಕೆ ತಿರುಗುತ್ತದೆ. ಸರಪಳಿ ಕಡಿದೇ ಹೋಗಿದ್ದರೆ ಮಾತ್ರ ಏನೂ ಮಾಡಲಾಗದು.

ಡೈಯಿಂಗ್‌ನಿಂದ ದೂರು ಬಂದಾಗ

ಕೆಲವೊಮ್ಮೆ ಕಾರ್ಬನೈಸಿಂಗ್‌ನಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಬಣ್ಣ ಹಾಕಿದಾಗ ಪಟ್ಟೆ ಏಳುತ್ತದೆ. ಕಡುಬಣ್ಣದ ಪಟ್ಟೆಯಾದರೆ ಮೊದಲು ಉಳಿದ ಆಮ್ಲ ನೋಡಿ. ಆಮ್ಲ ಜಾಸ್ತಿ ಇದ್ದಲ್ಲಿ ಆಸಿಡ್ ಡೈ ಧಾವಿಸಿ ಕೂರುತ್ತದೆ. ಬಣ್ಣ ಹಾಕದ ಉಣ್ಣೆಯ ಮೇಲೆ ಬ್ರೋಮೋಕ್ರೆಸಾಲ್ ಗ್ರೀನ್ ಸಿಂಪಡಿಸಿದರೆ ಆಮ್ಲದ ಕಡೆ ಹಳದಿ, ಉಳಿದ ಕಡೆ ನೀಲಿ ಬರುತ್ತದೆ. ಇದರ ಬದಲಾವಣೆ ಪಿಎಚ್ 3.8ರಿಂದ 5.4ರ ನಡುವೆ.

ತೆಳುಬಣ್ಣದ ಪಟ್ಟೆ ಗೋಜಲು. ಒಂದು ಕಾರಣ ಆ್ಯನಯಾನಿಕ್ ಸರ್ಫ್ಯಾಕ್ಟಂಟ್, ಡೈ ಕೂರಬೇಕಾದ ಜಾಗದಲ್ಲಿ ತಾನೇ ಕೂತಿದೆ. ಇನ್ನೊಂದು ಕಾರಣ ಗಾಢ ಆಮ್ಲದ ಚುಕ್ಕೆಯಿಂದ ಎಳೆಗೇ ಸಲ್ಫೇಟ್ ಗುಂಪು ಬೆಸೆದುಕೊಂಡಿದೆ, ಆ ಜಾಗ ಋಣ ವಿದ್ಯುದಂಶ ಪಡೆದು ಡೈಯನ್ನು ತಳ್ಳುತ್ತಿದೆ. ಕಣ್ಣಿಗೆ ಎರಡೂ ಒಂದೇ. ಬೇರೆ ಮಾಡುವುದು ಹೀಗೆ: ಬಣ್ಣ ಹಾಕದ ಅದೇ ಲಾಟ್‌ನ ಮಾದರಿಯನ್ನು ಎರಡು ಭಾಗ ಮಾಡಿ. ಒಂದನ್ನು ಅಮೋನಿಯದಿಂದ ಪಿಎಚ್ 8.5ರ ಸುತ್ತ ತಂದ ನೀರಿನಲ್ಲಿ, ಸ್ವಲ್ಪ ನಾನ್‌ಅಯಾನಿಕ್ ಹಾಕಿ, 50 ಡಿಗ್ರಿಯಲ್ಲಿ ಅರ್ಧ ಗಂಟೆ ಆಡಿಸಿ ಚೆನ್ನಾಗಿ ಜಾಲಿಸಿ. ಆಮೇಲೆ ಎರಡನ್ನೂ ಒಂದೇ ಡೈ ಬಾತ್‌ನಲ್ಲಿ ಬಣ್ಣ ಮಾಡಿ. ತೊಳೆದ ಭಾಗದಲ್ಲಿ ಪಟ್ಟೆ ಹೋಗಿದ್ದರೆ ಅದು ಸರ್ಫ್ಯಾಕ್ಟಂಟ್, ಇಡೀ ಲಾಟ್‌ಗೂ ಇದೇ ಚಿಕಿತ್ಸೆ ಕೊಡಬಹುದು. ಎರಡರಲ್ಲೂ ಪಟ್ಟೆ ಉಳಿದರೆ ಎಳೆ ಬದಲಾಗಿದೆ. ಆ ಉಣ್ಣೆಯನ್ನು ಕಡುಬಣ್ಣಕ್ಕೋ, ಬೇರೆ ಲಾಟ್ ಜೊತೆ ಬೆರೆಸುವುದಕ್ಕೋ ಕಳಿಸಿ, ತಿಳಿಬಣ್ಣದ ಆರ್ಡರ್‌ಗೆ ಕೊಡಬೇಡಿ.

ಸರಿಪಡಿಸುವಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆಮ್ಲ, ಸಮಯ, ಏಜೆಂಟ್ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಲಾಟ್ ಸರಿಯಾದರೂ ಯಾಕೆ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಏಜೆಂಟ್ ಸರಿ ಮಾಡಿ, ಆಮ್ಲ ಇದ್ದಷ್ಟೇ ಇರಲಿ. ನೆನೆಯುವಿಕೆ ಚುರುಕಾದ ಮೇಲೆ ತೊಟ್ಟಿಯ ಸಮಯ ಕಡಿಮೆ ಮಾಡಿ ನೋಡಿ. ಬಹಳ ಸಲ ಆಮ್ಲವನ್ನೂ ಸ್ವಲ್ಪ ಇಳಿಸಬಹುದು, ಕಡ್ಡಿ ಅಷ್ಟೇ ಚೆನ್ನಾಗಿ ಪುಡಿಯಾಗುತ್ತದೆ.

ತೊಟ್ಟಿ ತುಂಬುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಎಂದಿಗೂ ಬೇಡ. ಸರ್ಫ್ಯಾಕ್ಟಂಟ್ ಅನ್ನು ಗಾಢ ಆಮ್ಲಕ್ಕೆ ನೇರ ಸುರಿಯಬೇಡಿ. ಮೊದಲೇ ನೀರಿನಲ್ಲಿ ಕರಗಿಸಿ, ಆಮ್ಲ ತೆಳುವಾಗಿ ತಣಿದ ಮೇಲೆ ಸೇರಿಸಿ. ಕನ್ನಡಕ, ಕೈಗವಸು, ಏಪ್ರನ್ ಹಾಕಿಕೊಳ್ಳದೆ ಮಾದರಿ ತೆಗೆಯಲು ಬಗ್ಗಬೇಡಿ. ಸೋಡಾ ತೊಟ್ಟಿಗೆ ಹುಳಿ ಉಣ್ಣೆ ಒಮ್ಮೆಲೇ ಜಾಸ್ತಿ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ನೊರೆ ಉಕ್ಕುತ್ತದೆ, ಅಲ್ಲೂ ಮುಖ ದೂರ ಇರಲಿ.

ಏಜೆಂಟಿನ ಹೊಸ ಡ್ರಮ್ ಬಂದಾಗೆಲ್ಲ, ಹೆಸರು ಅದೇ ಇದ್ದರೂ, ಮೂರು ಕೆಲಸ ಮಾಡಿ: ನಿಮ್ಮದೇ ಆಮ್ಲದಲ್ಲಿ ಮುಳುಗುವ ಸಮಯ, ಮೀಥಿಲೀನ್ ಬ್ಲೂ ಪರೀಕ್ಷೆ, ಮಬ್ಬಾಗುವ ಬಿಸಿ. ಹಳೆಯ ಡ್ರಮ್ಮಿನಿಂದ ಒಂದು ಸಣ್ಣ ಬಾಟಲಿ ಯಾವಾಗಲೂ ಎತ್ತಿಡಿ, ಹೋಲಿಸಲು ಬೇಕಾಗುತ್ತದೆ. ಮೂರರಲ್ಲಿ ಒಂದು ಅಂಕಿ ಬದಲಾಗಿದ್ದರೂ ಆ ಡ್ರಮ್ ತೊಟ್ಟಿಗೆ ಹೋಗುವ ಮುಂಚೆ ಡೋಸ್ ಮತ್ತೆ ನಿಗದಿ ಮಾಡಿ.